ಹೆಸರಿನ ಮೇಲೊಂದು ಕೆಂಪು ಗೆರೆ

ಎದುರು ಸೀಟಿನವನ ಮೊಬೈಲಿನಿಂದ ಕುಂಯ್ ಅಂತ ಸದ್ದು, ಹಾವು ಮತ್ತೆ ಗೋಡೆಗೆ ಹೊಡೆದು ಸತ್ತಿತು, ಗೋರಂಟಿ ಬಣ್ಣದ ತಲೆಯ ಆ ಗಂಡಸು ತುಟಿ ಕಚ್ಚಿ ಹೆಬ್ಬೆರಳು ಒತ್ತಿದ, ಹೊಸ ಹಾವು ಹೊರಟಿತು, ತೊಡೆಯ ಮೇಲಿನ ಕರೋಲ್ ಬಾಗ್ ಬಟ್ಟೆ ಅಂಗಡಿಯ ಚೀಲ ಜಾರುತ್ತಿದೆ, ಅವನಿಗೆ ಪರಿವೆಯೇ ಇಲ್ಲ, ಎಷ್ಟು ಸಲ ಸತ್ತರೂ ಇವನನ್ನು ಆಟದಿಂದ ಆಚೆ ಹಾಕುವವರಿಲ್ಲ, ಪುಣ್ಯವಂತ, ಅಂದುಕೊಂಡ ಚಂದ್ರಪ್ಪ, ವಿಶ್ವವಿದ್ಯಾಲಯ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದಾಗಿನಿಂದ ಅವನ ಕಣ್ಣು ಆ ಪುಟ್ಟ ಪರದೆಯನ್ನು ಬಿಟ್ಟು ಕದಲಿಲ್ಲ, ಬೇರೆ ಎಲ್ಲಿ ನೋಡಿದರೂ ಆ ಉತ್ತರವೇ ಕಾಣುತ್ತದೆ, ಮಧ್ಯಾಹ್ನದ ಪಾಠ ಮುಗಿಸಿ ಕಾನೂನು ವಿಭಾಗದ ಕಂಪ್ಯೂಟರಿನಲ್ಲಿ ತೆರೆದು ನೋಡಿದ ಉತ್ತರ, ಅಮೆರಿಕದ ಆ ಚೆಸ್ ಕಂಪನಿಯವರದು, ನಿಮ್ಮ ಪತ್ರಕ್ಕೆ ಧನ್ಯವಾದಗಳು ಅಂತ ಶುರುವಾಗುವ ನಾಲ್ಕು ಸಾಲು, ಕೊನೆಯಲ್ಲಿ ಬರೆದವರ ಹೆಸರಿಲ್ಲ, ಫೇರ್ ಪ್ಲೇ ತಂಡ ಅಂತಷ್ಟೇ, ತಂಡ ಅಂತೆ, ಯಾರ ತಂಡ, ಯಾವ ಊರಲ್ಲಿ ಕೂತ ತಂಡ — ಬೆಳಿಗ್ಗೆಯಷ್ಟೇ ಕ್ಲಾಸಿನಲ್ಲಿ ಹೇಳಿದ್ದ, ವರ್ಷ ವರ್ಷವೂ ಹೇಳುವ ಪಾಠ, ಎದುರಿನವನ ಮಾತು ಕೇಳದೆ ಯಾರಿಗೂ ಶಿಕ್ಷೆ ಕೊಡುವಂತಿಲ್ಲ, ಆರೋಪ ಏನು, ಸಾಕ್ಷಿ ಏನು, ತೀರ್ಪು ಕೊಟ್ಟವನು ಯಾರು, ಮೂರೂ ಅವನಿಗೆ ಗೊತ್ತಿರಬೇಕು, ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, ಸರ್, ಇದೆಲ್ಲ ಸರ್ಕಾರಕ್ಕೆ ತಾನೇ, ಪ್ರೈವೇಟ್ ಕಂಪನಿ ತನ್ನ ಗಿರಾಕಿಯನ್ನು ಆಚೆ ಹಾಕಿದರೆ ಅದನ್ನು ಯಾರು ಕೇಳುತ್ತಾರೆ ಅಂದಳು, ಒಳ್ಳೆಯ ಪ್ರಶ್ನೆ ಅಂದ, ಮುಂದಿನ ವಾರ ನೋಡೋಣ ಅಂದ, ಬೋರ್ಡಿನ ಕಡೆ ತಿರುಗಿ ಆಗಲೇ ಬರೆದಿದ್ದನ್ನೇ ಮತ್ತೆ ಬರೆದ. ಅಗ್ಲಾ ಸ್ಟೇಷನ್ ಕಶ್ಮೀರಿ ಗೇಟ್. ಜನ ನುಗ್ಗಿದರು, ಯಾರದೋ ಮೊಣಕೈ, ಕಿತ್ತಳೆ ಸಿಪ್ಪೆಯ ವಾಸನೆ, ಹಾವಿನವನು ಮಾತ್ರ ತನ್ನ ಹಾವಿನ ಜೊತೆ ನೆಮ್ಮದಿಯಾಗಿದ್ದಾನೆ.

ಹೆಂಡತಿ ವಾಸಂತಿಗೆ ಚೆಸ್ ಕಲಿಸಿದವನೇ ಚಂದ್ರಪ್ಪ, ಮದುವೆಯಾದ ಹೊಸದು, ಮುನಿರ್ಕಾದ ಬಾಡಿಗೆ ಕೋಣೆ, ಅವನಿಗೆ ಕಾಮಾಲೆಯಾಗಿ ಮಂಚ ಹಿಡಿದಿದ್ದ, ಎದುರು ಕೂತು ಸೋಲುವುದಕ್ಕೆ ಒಬ್ಬರು ಬೇಕಿತ್ತು — ಆಗ ಹಾಗೆ ಅನ್ನಿಸಿರಲಿಲ್ಲ, ಹೆಂಡತಿಗೆ ಹೊತ್ತು ಹೋಗಲಿ ಅಂತ ಕಲಿಸುತ್ತಿದ್ದೇನೆ ಅಂದುಕೊಂಡಿದ್ದ — ನೋಡು ವಾಸಂತಿ, ಕುದುರೆ ಹೀಗೆ ಎರಡು ಮನೆ ಹಾರಿ ಪಕ್ಕಕ್ಕೆ ತಿರುಗುತ್ತೆ, ಅವಳು, ಯಾಕ್ರೀ, ನೆಟ್ಟಗೆ ಹೋಗೋಕೆ ಏನು ಕಷ್ಟ ಅದಕ್ಕೆ ಅಂತ ನಕ್ಕಿದ್ದಳು, ದಾವಣಗೆರೆಯಲ್ಲಿ ಓದುವಾಗ ಯೂನಿವರ್ಸಿಟಿ ತಂಡಕ್ಕೆ ಆಡಿದವನು ಅವನು, ಗೆದ್ದ ಕಪ್ಪು ಇನ್ನೂ ಶೋಕೇಸಿನಲ್ಲಿದೆ, ಅದರೊಳಗೆ ಮಗಳು ಅನನ್ಯಾಳ ಹೇರ್ ಕ್ಲಿಪ್ಪುಗಳಿವೆ, ಆ ದಿನಗಳಲ್ಲಿ ಪ್ರತಿ ಸಂಜೆ ಅವಳು ಸೋಲುತ್ತಿದ್ದಳು, ಸೋತು ಕಾಯಿಗಳನ್ನು ಡಬ್ಬಿಗೆ ತುಂಬಿ ಒಗ್ಗರಣೆಗೆ ಏಳುತ್ತಿದ್ದಳು, ಒಂದು ದಿನವೂ ಮುಖ ಸಣ್ಣದು ಮಾಡಿಕೊಳ್ಳಲಿಲ್ಲ, ಆಮೇಲೆ ಮಗಳು ಹುಟ್ಟಿದಳು, ವಸಂತ್ ಕುಂಜ್‌ನ ಫ್ಲ್ಯಾಟು ಬಂತು, ಅವಳಿಗೆ ರೇಡಿಯೊದಲ್ಲಿ ಕನ್ನಡ ವಾರ್ತೆ ಓದುವ ಕೆಲಸ ಸಿಕ್ಕಿತು, ತಿಂಗಳಿಗೆ ಕೆಲವು ದಿನ, ಬೆಳಗಿನ ಜಾವ ಗಾಡಿ ಬಂದು ಕರೆದೊಯ್ಯುತ್ತಿತ್ತು, ವಾರ್ತೆಗಳು, ಓದುತ್ತಿರುವವರು ವಾಸಂತಿ ಚಂದ್ರಪ್ಪ, ಇಡೀ ಕರ್ನಾಟಕ ಕೇಳುವ ದನಿಯ ಬಾಲಕ್ಕೆ ಅವನ ಹೆಸರು, ಊರಿಗೆ ಹೋದರೆ ಬಸ್ಸಿನಲ್ಲಿ ಪಕ್ಕದವರು, ಓ ನೀವು ವಾರ್ತೆ ಓದೋ ವಾಸಂತಿಯವರ ಯಜಮಾನರಾ ಅಂತ ಎದ್ದು ಜಾಗ ಕೊಡುತ್ತಿದ್ದರು, ಅವನು ಕೂರುತ್ತಿದ್ದ, ಆ ಸೀಟು ಯಾವತ್ತೂ ಬೆಚ್ಚಗೆ ಅನ್ನಿಸಲಿಲ್ಲ. ಚೆಸ್ಸು ಒಂದಾದರೂ ತನ್ನದು ಅಂತ ಇತ್ತು. ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಆ ಸೈಟಿಗೆ ಮೊದಲು ಸೇರಿದವನೂ ಅವನೇ, ಅಲ್ಲಿ ಅವನ ಹೆಸರು ಕಿಂಗ್ ಆಫ್ ದುರ್ಗ, ಎಲ್ಲರೂ ಹಾಗೆಯೇ, ಹುಲಿ, ಚಂಡಮಾರುತ, ಕತ್ತಲ ಕುದುರೆ, ಮುಖ ತೋರಿಸುವವರು ಯಾರೂ ಇಲ್ಲ, ಆಮೇಲೊಂದು ಭಾನುವಾರ ಅನನ್ಯಾ, ಮಮ್ಮಾ ನೀನೂ ಆಡು ನಾ, ಅಕೌಂಟ್ ಮಾಡಿ ಕೊಡ್ತೀನಿ, ಏನು ಹೆಸರು ಹಾಕ್ಲಿ ಅಂದಳು, ವಾಸಂತಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ನನ್ನ ಹೆಸರೇ ಹಾಕು, ಅದಕ್ಕೇನಾಗಿದೆ ಅಂದಳು. ವಾಸಂತಿ ಚಂದ್ರಪ್ಪ, ದೆಹಲಿ. ಅಲ್ಲಿಯೂ ಅವನ ಹೆಸರು ಬಾಲಕ್ಕೆ.

ಮೊದಮೊದಲು ಸೋತಳು, ಅವನಿಗೆ ಹಿತವಾಗಿತ್ತು, ಹೆಗಲ ಮೇಲಿಂದ ಬಾಗಿ, ಅಯ್ಯೋ ಮಂತ್ರಿನ ಯಾಕೆ ಅಷ್ಟು ಬೇಗ ಈಚೆ ತಂದೆ ಅನ್ನುತ್ತಿದ್ದ, ಅವಳು ಹೌದಲ್ವಾ ಅನ್ನುತ್ತಿದ್ದಳು, ಒಂದು ಚಳಿಗಾಲ ಹೋಗಿ ಇನ್ನೊಂದು ಬರುವ ಹೊತ್ತಿಗೆ ಹೌದಲ್ವಾ ಅನ್ನುವುದು ನಿಂತಿತ್ತು, ಯಾವಾಗ ನಿಂತಿತು ಅವನಿಗೆ ತಿಳಿಯಲೇ ಇಲ್ಲ, ಒಂದು ಸಂಜೆ ಅವನು, ಆ ಕಾಲಾಳನ್ನ ತಳ್ಳು ಅಂದ, ಅವಳು ಪರದೆಯಿಂದ ಕಣ್ಣು ತೆಗೆಯದೆ, ಇಲ್ಲ ರೀ, ಹಾಗೆ ಮಾಡಿದ್ರೆ ಇನ್ನು ಸ್ವಲ್ಪ ಹೊತ್ತಿಗೆ ಆ ಮೂಲೆ ಬಿದ್ದುಹೋಗುತ್ತೆ ಅಂದಳು, ಅವನಿಗೆ ಆ ಮೂಲೆ ಕಾಣಲಿಲ್ಲ, ಟೀ ಲೋಟ ಹಿಡಿದು ಹಿಂದೆ ನಿಂತೇ ಇದ್ದ, ಟೀ ಮೇಲೆ ಕೆನೆ ಕಟ್ಟಿತು, ಹತ್ತು ನಡೆ ಆದ ಮೇಲೆ ಆ ಮೂಲೆ ಕಂಡಿತು. ಅಷ್ಟರಲ್ಲಿ ಅವಳು ಗೆದ್ದಿದ್ದಳು. ಪರದೆಯ ಪಕ್ಕದಲ್ಲಿ ಎದುರಾಳಿಗೆ ಮಾತು ಬರೆಯುವ ಒಂದು ಡಬ್ಬಿ, ಅದರಲ್ಲಿ ಮಿಲೆನಾ ಅನ್ನುವ ಸರ್ಬಿಯಾದ ಮುದುಕಿ, ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಿಯಾದವಳಂತೆ, ಅವಳ ಹರಕು ಇಂಗ್ಲಿಷು ಇವಳ ಹರಕು ಇಂಗ್ಲಿಷು, ನನ್ನ ಬೆಕ್ಕು ನಿಮ್ಮ ಕುದುರೆಯನ್ನು ನೋಡಿ ಹೆದರಿತು ಅಂತ ಆ ಮುದುಕಿ ಬರೆದಳು, ವಾಸಂತಿ ಖುರ್ಚಿ ಅಲುಗಾಡುವಂತೆ ನಕ್ಕಳು, ಒಳಗಿನ ಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದವನಿಗೆ ಪೆನ್ನು ನಿಂತುಹೋಯಿತು, ತಾನು ಇವಳನ್ನು ಹೀಗೆ ನಗಿಸಿದ್ದು ಯಾವಾಗ, ಕುದುರೆ ನೆಟ್ಟಗೆ ಹೋಗುವುದಿಲ್ಲ ಅಂದಾಗಲೇ, ಆಮೇಲೆ ಇಲ್ಲವೇ — ಏನದು ಅಷ್ಟು ನಗು ಅಂತ ಕೇಳಿದರೆ ಏನಿಲ್ಲ ರೀ ಮಿಲೆನಾ ಅಂದಳು, ಮಿಲೆನಾ, ಪಕ್ಕದ ಮನೆಯವಳ ಹೆಸರು ಹೇಳಿದ ಹಾಗೆ, ಕಂಡಿಲ್ಲ ಕೇಳಿಲ್ಲ, ಕಡಲಾಚೆಯ ಒಬ್ಬ ಮುದುಕಿಗೆ ತನ್ನ ಮನೆಯ ನಗು. ಸೈಟಿನ ಪಟ್ಟಿಯಲ್ಲಿ ಅವಳ ಅಂಕ ಅವನ ಅಂಕವನ್ನು ದಾಟಿದ ದಿನ ಅವಳು ಗಮನಿಸಲೇ ಇಲ್ಲ, ಅವನು ಗಮನಿಸಿದ. ಅದು ಇನ್ನೂ ಕೆಟ್ಟದ್ದು. ತನ್ನನ್ನು ದಾಟಿ ಹೋದದ್ದು ಅವಳಿಗೆ ಹಬ್ಬವಾಗಿದ್ದರೆ, ಪಾಯಸ ಮಾಡಿ ಕುಣಿದಿದ್ದರೆ, ಇವನು ದೊಡ್ಡಸ್ತಿಕೆಯಿಂದ ಬೆನ್ನು ತಟ್ಟಬಹುದಿತ್ತು. ಅವಳು ಮೆಂತ್ಯದ ಪರಾಠ ಮಾಡಿ ಅವನ ತಟ್ಟೆಗೆ ತುಪ್ಪ ಹಾಕಿದಳು, ಇನ್ನೊಂದು ಹಾಕ್ಲಾ ಅಂದಳು.

ರಾಜೀವ್ ಚೌಕ್, ಹಾವಿನವನು ಚೀಲ ಅವಚಿಕೊಂಡು ಇಳಿದುಹೋದ, ಅವನ ಜಾಗದಲ್ಲಿ ಒಬ್ಬ ತಾಯಿ, ಕಿವಿಗೆ ಹತ್ತಿ ಇಟ್ಟುಕೊಂಡ ಮಗು, ಚಂದ್ರಪ್ಪನಿಗೆ ಈಗ ನೋಡಲು ಏನೂ ಉಳಿಯಲಿಲ್ಲ, ಆದ್ದರಿಂದ ಆ ಪ್ರೋಗ್ರಾಮು ಕಣ್ಣೆದುರು ಬಂತು. ಅದನ್ನು ತಂದುಕೊಟ್ಟವನು ರಘುನಂದನ್, ಗುರ್‌ಗಾಂವ್‌ನಲ್ಲಿ ಕೆಲಸ, ವಸಂತ್ ಕುಂಜ್‌ನ ತಮ್ಮ ಕನ್ನಡ ಕೂಟಕ್ಕೆ ಕಾರ್ಯದರ್ಶಿ, ಸರ್, ಇದು ಚೆಸ್ ಆಡೋ ಪ್ರೋಗ್ರಾಮು, ಯಾವ ಮನುಷ್ಯನೂ ಗೆಲ್ಲೋಕಾಗಲ್ಲ, ನೀವು ಆಡಿದ ಆಟ ಇದಕ್ಕೆ ಕೊಟ್ರೆ ಎಲ್ಲೆಲ್ಲಿ ತಪ್ಪಿದ್ರಿ ಅಂತ ಕೆಂಪು ಗುರುತು ಹಾಕಿ ತೋರ್ಸುತ್ತೆ ಅಂದಿದ್ದ. ಚಂದ್ರಪ್ಪ ತನ್ನ ಆಟ ಕೊಡಲಿಲ್ಲ. ಅವಳದ್ದು ಕೊಟ್ಟ. ಅವಳು ವಾರ್ತೆ ಓದಲು ಹೋದ ಬೆಳಿಗ್ಗೆಗಳಲ್ಲಿ, ಮಗಳು ಸ್ಕೂಲಿಗೆ ಹೋದ ಮೇಲೆ, ಕಾಫಿ ಲೋಟ ಪಕ್ಕಕ್ಕಿಟ್ಟುಕೊಂಡು, ಅವಳ ಒಂದೊಂದೇ ಆಟ, ಯಂತ್ರ ನಿಧಾನವಾಗಿ ಯೋಚಿಸುತ್ತಿತ್ತು, ಯಾರದಾದರೂ ಸಹಾಯ ತಗೊಳ್ಳುತ್ತಿದ್ದಾಳೋ ಅಂತ ಶುರುವಾದದ್ದು, ಕುತೂಹಲ, ಕುತೂಹಲ ಅಂತಲೇ ಅದಕ್ಕೆ ಹೆಸರಿಟ್ಟುಕೊಂಡಿದ್ದ, ಅಲ್ಲೊಂದು ಕೆಂಪು ಗುರುತು ಬಿದ್ದಾಗ ನಾಲಿಗೆಯ ಮೇಲೆ ಬೆಲ್ಲ ಇಟ್ಟ ಹಾಗೆ, ಓಹೋ ಇಲ್ಲಿ ತಪ್ಪಿದ್ದೀಯ, ಇಲ್ಲೂ, ಆದರೆ ಗುರುತುಗಳು ಕಡಿಮೆ, ಬಹಳ ಕಡಿಮೆ, ಇನ್ನಷ್ಟು ಆಳವಾಗಿ ಹುಡುಕಲಿ ಅಂತ ಯಂತ್ರವನ್ನು ಹಾಗೆಯೇ ಬಿಟ್ಟು, ಪ್ರೋಗ್ರಾಮಿನ ಕಿಟಕಿಯನ್ನು ಕೆಳಕ್ಕೆ ಇಳಿಸಿ, ಕಾಲೇಜಿಗೆ ಹೊರಡುತ್ತಿದ್ದ, ಪರದೆಯ ತಳದಲ್ಲಿ ಒಂದು ಸಣ್ಣ ಚೌಕ ಉಳಿಯುತ್ತಿತ್ತು, ಅವಳು ಮನೆಗೆ ಬಂದು, ಊಟ ಮಾಡಿ, ಅದೇ ಕಂಪ್ಯೂಟರಿನ ಮುಂದೆ ಕೂತು ಮಿಲೆನಾ ಜೊತೆ ಆಡುತ್ತಿದ್ದಳು, ತಳದಲ್ಲಿ ಆ ಚೌಕ, ಅದೇನು ಅಂತ ಅವಳು ಕೇಳಲೂ ಇಲ್ಲ, ಗಂಡನ ಕಾನೂನಿನ ಕೆಲಸ ಇರಬೇಕು ಅಂದುಕೊಂಡಿದ್ದಿರಬೇಕು, ಅವಳು ಅವನ ಕಾಗದಪತ್ರಗಳನ್ನೂ ಮುಟ್ಟುವವಳಲ್ಲ. ಕಂಪನಿಯ ಯಂತ್ರ ಮುಟ್ಟಿ ನೋಡಿತು. ಆಡುವವರ ಕಂಪ್ಯೂಟರಿನಲ್ಲಿ ಬೇರೆ ಏನೇನು ಓಡುತ್ತಿದೆ ಅಂತ ನೋಡುವ ಹಕ್ಕನ್ನು, ಸೇರುವಾಗಲೇ ಯಾರೂ ಓದದ ಷರತ್ತುಗಳಲ್ಲಿ ಬರೆಸಿಕೊಂಡಿದ್ದರು, ಕಾನೂನು ಮೇಷ್ಟ್ರು ಚಂದ್ರಪ್ಪನೂ ಓದಿರಲಿಲ್ಲ.

ಜನವರಿಯ ಆ ಭಾನುವಾರ, ಮಂಜು, ಹೊರಗೆ ಎದುರಿನ ಬ್ಲಾಕೇ ಕಾಣುತ್ತಿರಲಿಲ್ಲ, ವಾಸಂತಿ ಹಾಲಿನಿಂದ, ರೀ ಸ್ವಲ್ಪ ಬನ್ನಿ ಇಲ್ಲಿ ಅಂದಳು, ಆ ದನಿ ಅವನಿಗೆ ಗೊತ್ತಿರಲಿಲ್ಲ, ಹೋಗಿ ನೋಡಿದರೆ ಪರದೆಯ ಮೇಲೆ ಅವಳ ಹೆಸರು, ಅದರ ನಡುವೆ ಒಂದು ಕೆಂಪು ಗೆರೆ, ಪಕ್ಕದಲ್ಲಿ ಮೋಸದಾಟಕ್ಕಾಗಿ ಖಾತೆ ಮುಚ್ಚಲಾಗಿದೆ ಅಂತ ಇಂಗ್ಲಿಷಿನಲ್ಲಿ, ಲೋಕದಲ್ಲಿ ಯಾರು ಬೇಕಾದರೂ ನೋಡಬಹುದಾದ ಹಾಗೆ, ಕೆಳಗೆ, ನಿಮ್ಮ ಹಲವು ಆಟಗಳ ಹೊತ್ತಿನಲ್ಲಿ ನಿಮ್ಮ ಕಂಪ್ಯೂಟರಿನಲ್ಲಿ ಇನ್ನೊಂದು ಚೆಸ್ ಪ್ರೋಗ್ರಾಮ್ ಓಡುತ್ತಿದ್ದದ್ದು ಕಂಡುಬಂದಿದೆ, ಈ ತೀರ್ಮಾನ ಅಂತಿಮ. ಮೊದಲು ಅವನಿಗೆ ಆದದ್ದು ಸಂತೋಷ. ಅದನ್ನು ಈಗ ಈ ಮೆಟ್ರೋದಲ್ಲಿ, ಕಿವಿಗೆ ಹತ್ತಿ ಇಟ್ಟ ಮಗುವಿನ ಎದುರು, ಇಲ್ಲವೆನ್ನಲಾರ, ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗೆ ತಣ್ಣಗೆ ಒಂದು ಸಂತೋಷ, ಅಂದರೆ ಮೋಸವೇ, ನನಗಿಂತ ಮೇಲೆ ಹೋದದ್ದು ಮೋಸದಿಂದಲೇ, ಎರಡು ಉಸಿರಿನಷ್ಟು ಹೊತ್ತು ಅದನ್ನು ನಂಬಿದ, ಆಮೇಲೆ ಕಣ್ಣು ಪರದೆಯ ತಳಕ್ಕೆ ಇಳಿಯಿತು. ಚೌಕ ಅಲ್ಲೇ ಇತ್ತು. ಇನ್ನೊಂದು ಪ್ರೋಗ್ರಾಮಾ, ನಮ್ಮ ಕಂಪ್ಯೂಟರಿನಲ್ಲಿ ಅಂಥದ್ದು ಏನಿದೆ ರೀ, ಅಂತ ವಾಸಂತಿ ತಿರುಗಿ ಕೇಳಿದಳು. ಏನೂ ಇಲ್ಲವಲ್ಲ, ಅಂದ ಚಂದ್ರಪ್ಪ. ಆ ಮಾತು ಅಷ್ಟು ಸಲೀಸಾಗಿ ಬಂತು. ಅವಳು ಅಡುಗೆಮನೆಗೆ ಹೋದದ್ದೇ ಕೂತು ಪ್ರೋಗ್ರಾಮನ್ನು ಅಳಿಸಿಹಾಕಿದ, ಬೇರು ಸಮೇತ, ಅನನ್ಯಾ ಬಂದು ಕೇಳಿದಾಗ ವೈರಸ್ ಇದೆಯೇನೋ ನೋಡ್ತಿದ್ದೀನಿ ಅಂದ. ಪಪ್ಪಾ, ದಿಸ್ ಈಸ್ ಸೋ ಅನ್‌ಫೇರ್, ಒಂದು ಸಲ ಪೂಛಾ ತಕ್ ನಹೀಂ, ಕೇಳಲೇ ಇಲ್ಲ, ಯೂ ಟೀಚ್ ಲಾ, ಏನಾದ್ರೂ ಮಾಡು ನಾ, ಅಂತ ಅವಳು ಕಾಲು ಅಪ್ಪಳಿಸಿದಳು, ಅವನು, ಅವರ ಮನೆ ಅವರ ನಿಯಮ ಕಣಮ್ಮ, ಖಾಸಗಿಯವರನ್ನ ಏನು ಮಾಡೋಕಾಗುತ್ತೆ ಅಂದ, ರಘು ಅಂಕಲ್‌ನ ಕರಿ ಮಮ್ಮಾ, ಎಲ್ಲರ ಸಾಮ್ನೆ ಕೂತು ಆಡಿ ತೋರ್ಸು ಅಂತ ಮಗಳು ತಾಯಿಯ ಕಡೆ ತಿರುಗಿದಳು, ವಾಸಂತಿ ಆಗ ಮಾತ್ರ ಗಟ್ಟಿಯಾಗಿ, ಕಳ್ಳಿ ಅಲ್ಲ ಅಂತ ತೋರ್ಸೋಕೆ ನಾನ್ಯಾಕೆ ಆಡ್ಲಿ, ಬೇಡ, ಅಂದಳು.

ಸೆಂಟ್ರಲ್ ಸೆಕ್ರೆಟೇರಿಯಟ್, ರೈಲಿನ ಕೊನೆ, ಎಲ್ಲರೂ ಇಳಿದರು, ಮೆಟ್ಟಿಲು ಹತ್ತಿ ಬಿಸಿಲಿಗೆ ಬಂದರೆ ಬೂರುಗದ ಕೆಂಪು ಹೂಗಳು ಫುಟ್‌ಪಾತಿನ ಮೇಲೆ ಬಿದ್ದು ಚಪ್ಪಟೆಯಾಗಿವೆ, ಭಯ್ಯಾ ವಸಂತ್ ಕುಂಜ್, ಆಟೋದವನು ಬಾಯಿಗೆ ಬಂದ ಬಾಡಿಗೆ ಹೇಳಿದ, ಚಂದ್ರಪ್ಪ ಚೌಕಾಸಿ ಮಾಡದೆ ಹತ್ತಿದ, ಆಟೋದವನಿಗೇ ಪಿಚ್ಚೆನಿಸಿ ತಿರುಗಿ ನೋಡಿದ. ಆ ಭಾನುವಾರದ ಬಳಿಕ ವಾಸಂತಿ ಕಂಪನಿಗೆ ಬರೆದಳು, ಮೂರು ಸಲವೋ ನಾಲ್ಕು ಸಲವೋ, ನನ್ನ ಬಳಿ ಅಂಥ ಪ್ರೋಗ್ರಾಮ್ ಇಲ್ಲ, ದಯವಿಟ್ಟು ಯಾವ ಆಟ, ಯಾವ ನಡೆ ಅಂತ ಹೇಳಿ, ಪ್ರತಿ ಸಲವೂ ಒಂದೇ ಉತ್ತರ, ವಿವರ ಕೊಡಲಾಗುವುದಿಲ್ಲ, ಮಿಲೆನಾಗೆ ಒಂದು ಮಾತು ತಿಳಿಸಬೇಕು ಅಂದರೆ ಅದಕ್ಕೂ ದಾರಿ ಇಲ್ಲ, ಇಬ್ಬರ ನಡುವೆ ಇದ್ದದ್ದು ಆ ಡಬ್ಬಿ ಒಂದೇ, ಅದೂ ಮುಚ್ಚಿತ್ತು, ಆ ಮುದುಕಿ ಈಗ ನನ್ನ ಬಗ್ಗೆ ಏನಂದ್ಕೊಂಡಿರ್ತಾಳೆ ರೀ ಅಂತ ಒಂದು ಸಲ ಕೇಳಿದಳು, ಅವನು ಆ ಮುದುಕಿಯ ಮಾತು ಬಂದರೂ ಈ ಸಲ ಒಳಗೇನೂ ಕುದಿಯುತ್ತಿಲ್ಲವೇ ಅಂತ ನೋಡಿಕೊಂಡ, ಕುದಿಯಿತು, ಸ್ವಲ್ಪ. ಆಮೇಲೆ ಕೂಟದ ವಿಷಯ. ಯುಗಾದಿಗೆ ಮಕ್ಕಳಿಗೆ ಚೆಸ್ ಶಿಬಿರ, ಕಲಿಸುವವರು ವಾಸಂತಿ ಅಂತ ಆಗಿತ್ತು, ರಘುನಂದನ್ ಫೋನು ಮಾಡಿದ, ಅವಳಿಗಲ್ಲ, ಇವನಿಗೆ, ಸರ್, ಆ ಸೈಟಲ್ಲಿ ನಾನೂ ಆಡ್ತೀನಲ್ಲ, ಮೇಡಂ ಹೆಸರು ನೋಡಿದೆ, ಏನೋ ಕಣ್ತಪ್ಪಿ ಆಗಿರ್ಬೇಕು, ಆದ್ರೆ ಪೇರೆಂಟ್ಸು ಕೇಳ್ತಾರಲ್ವಾ ಸರ್, ಶಿಬಿರ ಸದ್ಯಕ್ಕೆ ಮುಂದಕ್ಕೆ ಹಾಕೋಣ ಅಂತ. ಅಚ್ಛಾ, ಅಂದ ಚಂದ್ರಪ್ಪ. ಆ ಪ್ರೋಗ್ರಾಮ್ ಸಿ.ಡಿ. ಕೊಟ್ಟವನು ನೀನೇ ಕಣಯ್ಯ, ನೆನಪಿಲ್ಲವೇ, ಅಂತ ಬಾಯಿಗೆ ಬಂದದ್ದನ್ನು ನುಂಗಿದ, ರಘುನಂದನನಿಗೆ ನೆನಪಿತ್ತು, ಆದ್ದರಿಂದಲೇ ಅವಳು ಮೋಸ ಮಾಡಿದ್ದಾಳೆ ಅಂತ ನಂಬಿದ್ದ, ಆ ಮನೆಯಲ್ಲಿ ಆ ಪ್ರೋಗ್ರಾಮು ಇದೆ ಅಂತ ಗೊತ್ತಿದ್ದವನು ಅವನೊಬ್ಬನೇ. ಫೋನಿಟ್ಟು ವಾಸಂತಿಗೆ ಹೇಳಿದಾಗ ಅವಳು, ಸರಿ, ಅಂದಳು, ಮಕ್ಕಳಿಗಾಗಿ ಕೊಂಡಿಟ್ಟಿದ್ದ ಪ್ಲಾಸ್ಟಿಕ್ ಬೋರ್ಡುಗಳನ್ನು ಮಂಚದ ಕೆಳಗೆ ತಳ್ಳಿದಳು.

ಅದಾಗಿ ಒಂದು ಬೆಳಿಗ್ಗೆ ಅವಳ ವಾರ್ತೆ, ಟಿ.ವಿ.ಯ ಡಿಶ್ಶಿನಲ್ಲಿ ಬರುವ ಕನ್ನಡ ರೇಡಿಯೊ ಹಾಕಿಕೊಂಡು ಶೂ ಪಾಲಿಷ್ ಮಾಡುತ್ತಿದ್ದ, ಯಾವುದೋ ಸಹಕಾರಿ ಸಂಘದ ಸುದ್ದಿ, ಠೇವಣಿದಾರರಿಗೆ, ಅಂದವಳು ನಿಂತಳು, ಒಂದು ಕ್ಷಣ, ಗಾಳಿಯೇ ಇಲ್ಲದ ಒಂದು ಕ್ಷಣ, ಆಮೇಲೆ ವಂಚನೆ ಅನ್ನುವ ಪದ ಬಂತು, ಎಂದಿನಂತೆ ಸ್ಪಷ್ಟವಾಗಿ, ಕೇಳಿದ ಲಕ್ಷಾಂತರ ಜನರಲ್ಲಿ ಯಾರಿಗೂ ಅದು ತಿಳಿದಿರಲಾರದು, ಇವನ ಕೈಯಲ್ಲಿ ಒಂದೇ ಕಾಲಿನ ಶೂ. ಅವತ್ತೇ ಬರೆದ, ವಿಭಾಗದ ಕಂಪ್ಯೂಟರಿನಲ್ಲಿ, ಬಾಗಿಲು ಹಾಕಿಕೊಂಡು, ನಾನು ಅವಳ ಗಂಡ, ಕಾನೂನು ಪಾಠ ಹೇಳುವವನು, ಆ ಪ್ರೋಗ್ರಾಮನ್ನು ಓಡಿಸಿದ್ದು ನಾನು, ಕುತೂಹಲದಿಂದ, ಅವಳಿಗೆ ತಿಳಿಯದು, ದಯವಿಟ್ಟು ಅವಳ ಹೆಸರಿನ ಮೇಲಿನ ಗೆರೆ ತೆಗೆಯಿರಿ, ಇಷ್ಟು ಬರೆಯಲು ಇಡೀ ಮಧ್ಯಾಹ್ನ ಹಿಡಿಯಿತು, ಕುತೂಹಲ ಅನ್ನುವ ಪದವನ್ನು ಎರಡು ಸಲ ಅಳಿಸಿ, ಬೇರೆ ಪದ ಬರೆಯಲಾರದೆ, ಮತ್ತೆ ಅದನ್ನೇ ಬರೆದ. ಅದಕ್ಕೆ ಇವತ್ತಿನ ಉತ್ತರ. ನಿಮ್ಮ ಪತ್ರಕ್ಕೆ ಧನ್ಯವಾದಗಳು. ನನ್ನ ತಮ್ಮ ಮಾಡಿದ, ನನ್ನ ಮಗ ಮಾಡಿದ, ನನ್ನ ಗಂಡ ಮಾಡಿದ ಎಂಬ ಪತ್ರಗಳು ನಮಗೆ ದಿನವೂ ಬರುತ್ತವೆ, ಯಾವುದು ನಿಜ ಎಂದು ತಿಳಿಯುವ ದಾರಿ ನಮಗಿಲ್ಲ, ತೀರ್ಮಾನ ಬದಲಾಗುವುದಿಲ್ಲ. ಅದೇ ಕಂಪ್ಯೂಟರಿಗೆ ಸೇರಿದ ಇನ್ನೊಂದು ಖಾತೆಯನ್ನೂ ಮುಚ್ಚಲಾಗಿದೆ. ಕಿಂಗ್ ಆಫ್ ದುರ್ಗ ಹೋದ. ಅದಕ್ಕೂ ಒಂದು ಕೆಂಪು ಗೆರೆ, ಆದರೆ ಅದು ಯಾರ ಹೆಸರು ಅಂತ ಲೋಕದಲ್ಲಿ ಯಾರಿಗೂ ಗೊತ್ತಿಲ್ಲ, ಫೋನು ಮಾಡಿ ಕೇಳುವವರಿಲ್ಲ, ಮಿಲೆನಾ ಇಲ್ಲ, ಬಹಿಷ್ಕಾರದಲ್ಲೂ ಅವಳದ್ದೇ ದೊಡ್ಡದು — ಛೀ, ಇದನ್ನೂ ಅಳೆದು ನೋಡುತ್ತೀಯಾ, ಇದನ್ನೂ — ಆಟೋ ಮುನಿರ್ಕಾದ ಸಿಗ್ನಲ್ಲಿನಲ್ಲಿ ನಿಂತು ಗಡಗಡ ನಡುಗುತ್ತಿತ್ತು. ಕಂಪನಿಯವರು ಅನ್ಯಾಯ ಮಾಡಿದರೇ, ಹೌದು, ಕೇಳದೆ ಶಿಕ್ಷೆ ಕೊಟ್ಟರು, ಸಾಕ್ಷಿ ತೋರಿಸಲಿಲ್ಲ, ಇವತ್ತಿನ ಕ್ಲಾಸಿನ ಹುಡುಗಿಗೆ ಎದ್ದು ನಿಂತು ಹೌದು ಅನ್ನಬಹುದು, ಆದರೆ ಅವರು ಕಂಡದ್ದು ನಿಜ, ಪ್ರೋಗ್ರಾಮು ಓಡುತ್ತಿದ್ದದ್ದು ನಿಜ, ಕರೆದು ಕೇಳಿದ್ದರೂ ಅವಳು ಇಲ್ಲ ಅನ್ನುತ್ತಿದ್ದಳು, ಹೌದು ಅನ್ನಬೇಕಾದವನು ಪಕ್ಕದ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿದ್ದ.

ಮನೆ, ಎರಡನೇ ಮಹಡಿ, ಅನನ್ಯಾ ಟ್ಯೂಷನ್ನಿಗೆ ಹೋಗಿದ್ದಾಳೆ, ವಾಸಂತಿ ಬಾಲ್ಕನಿಯ ಬಿಸಿಲಿನಲ್ಲಿ ಪೇಪರ್ ಹಾಸಿ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಾಳೆ, ಏನು ಇಷ್ಟು ಬೇಗ ಅಂದಳು, ಅವನು ಶೂ ಬಿಚ್ಚದೆ ಅವಳ ಎದುರು ಬೆತ್ತದ ಸ್ಟೂಲು ಎಳೆದುಕೊಂಡು ಕೂತ, ಆ ಪ್ರೋಗ್ರಾಮ್ ಓಡಿಸ್ತಾ ಇದ್ದದ್ದು ನಾನು, ಅಂದ, ಮುನ್ನುಡಿ ಇಲ್ಲದೆ, ಮುನ್ನುಡಿ ಹಾಕಿದರೆ ಹೇಳಲಾರೆ ಅಂತ ಗೊತ್ತಿತ್ತು, ನಿನ್ನ ಆಟಗಳನ್ನ ಅದಕ್ಕೆ ಕೊಟ್ಟು ನೋಡ್ತಿದ್ದೆ, ನೀನು ಆಡುವಾಗ್ಲೂ ಅದು ಓಡ್ತಾ ಇರ್ತಿತ್ತು, ಅವತ್ತು ನೀನು ಕೇಳ್ದಾಗ ಏನೂ ಇಲ್ಲ ಅಂದೆ, ಆಮೇಲೆ ಅಳಿಸಿಬಿಟ್ಟೆ, ಕಂಪನಿಗೆ ಬರೆದೆ, ಅವರು ನಂಬಲಿಲ್ಲ. ಅವಳು ಸೊಪ್ಪು ಬಿಡಿಸುತ್ತಲೇ ಇದ್ದಳು, ಎಲೆ ಪಾತ್ರೆಗೆ, ದಂಟು ಪೇಪರಿಗೆ, ಎಲೆ ಪಾತ್ರೆಗೆ, ಕೆಳಗೆ ತರಕಾರಿ ಗಾಡಿಯವನು ಮಟರ್ ಮಟರ್ ಅಂತ ಕೂಗಿಕೊಂಡು ಹೋದ, ಅವಳು ಕೂಗುತ್ತಾಳೆ ಅಂದುಕೊಂಡ, ಅಳುತ್ತಾಳೆ ಅಂದುಕೊಂಡ, ಅವಳು ಕೇಳಿದಳು, ಏನು ಹುಡುಕ್ತಾ ಇದ್ರಿ ಅದರಲ್ಲಿ, ಅವನು, ನಿನ್ನ ತಪ್ಪು ಅಂದ, ಸಿಕ್ತಾ ಅಂದಳು, ಅಲ್ಲೊಂದು ಇಲ್ಲೊಂದು ಅಂದ, ನಿಮ್ಮ ಆಟ ಹಾಕಿ ನೋಡಿದ್ರಾ, ಅವನು ತಲೆ ಆಡಿಸಿದ, ಇಲ್ಲ ಅಂತ. ಆಗ ಅವಳು ನಕ್ಕಳು, ನಗು ಅನ್ನಲಾಗದ ಒಂದು ಸಣ್ಣ ಉಸಿರು, ಎರಡು ತಿಂಗಳು ರೀ, ನನ್ನ ತಲೆ ಕೆಟ್ಟಿದೆಯೇನೋ ಅಂದ್ಕೊಂಡಿದ್ದೆ, ನಂಗೆ ಗೊತ್ತಿಲ್ದೆ ನಾನೇ ಏನೋ ಮಾಡಿದ್ದೀನೇನೋ ಅಂತ, ನೀವು ದಿನಾ ಎದುರಿಗೆ ಕೂತು ಊಟ ಮಾಡ್ತಿದ್ರಿ. ರಘುನಂದನ್‌ಗೆ ಫೋನ್ ಮಾಡಿ, ಅಂದಳು. ಈಗ. ಇಲ್ಲೇ ಕೂತು, ನನ್ನ ಎದುರಿಗೆ.

ಅವನು ಮೊಬೈಲು ತೆಗೆದ, ಒಂದು ಸಲ ತಪ್ಪು ಹೆಸರು ಒತ್ತಿ, ಕತ್ತರಿಸಿ, ಮತ್ತೆ ಒತ್ತಿದ, ವಾಸಂತಿಯ ಹೆಬ್ಬೆರಳು ತೋರುಬೆರಳಿನ ನಡುವೆ ಒಂದು ಮೆಂತ್ಯದ ದಂಟು, ಎಲೆಗಳು ಇನ್ನೂ ಅದರಲ್ಲೇ ಇವೆ, ಉಗುರು ಹಸಿರಾಗಿದೆ, ಅವಳು ಬಿಡಿಸುವುದನ್ನು ನಿಲ್ಲಿಸಿದ್ದಾಳೆ, ಹಲೋ ಸರ್, ಹೇಳಿ ಸರ್, ರಘುನಂದನನ ದನಿ ದೊಡ್ಡದು, ಬಾಲ್ಕನಿಗೆಲ್ಲ ಕೇಳುತ್ತದೆ, ರಘುನಂದನ್, ವಾಸಂತಿ ಮೋಸ ಮಾಡಿಲ್ಲ, ನೀವು ಕೊಟ್ಟಿದ್ರಲ್ಲ ಪ್ರೋಗ್ರಾಮು, ಅದನ್ನ ಓಡಿಸ್ತಾ ಇದ್ದದ್ದು ನಾನು, ಅವಳ ಆಟದಲ್ಲಿ ತಪ್ಪು ಹುಡುಕೋಕೆ, ಅವಳಿಗೆ ಅದರ ಗಂಧವೂ ಇರಲಿಲ್ಲ, ಅಂದ, ಕಂಪನಿಗೆ ಬರೆಯಲಾರದ ಪದ ಈಗ ನಾಲಿಗೆಯ ತುದಿಗೆ ಬಂದು ಕೂತಿತ್ತು, ದಂಟು ಅವಳ ಬೆರಳಲ್ಲಿ ಹಾಗೇ ಇದೆ, ಹೊಟ್ಟೆಕಿಚ್ಚಿಗೆ ಕಣ್ರೀ, ಅಂದ, ಅವಳು ನನಗಿಂತ ಚೆನ್ನಾಗಿ ಆಡ್ತಾಳೆ ಅಂತ ಹೊಟ್ಟೆಕಿಚ್ಚಿಗೆ. ಆ ಕಡೆ ಯಾವುದೋ ಆಫೀಸಿನ ಫೋನು ಬಡಿದುಕೊಳ್ಳುವ ಸದ್ದು, ಆಮೇಲೆ ರಘುನಂದನ್ ದನಿ ತಗ್ಗಿಸಿ, ಆದರೆ ಅವನ ತಗ್ಗಿದ ದನಿಯೂ ದೊಡ್ಡದೇ, ಸರ್, ನಂಗೆ ಅರ್ಥ ಆಗುತ್ತೆ ಸರ್, ಮೇಡಂ ಮರ್ಯಾದೆ ಉಳಿಸೋಕೆ ನೀವು ಇಷ್ಟೆಲ್ಲ ನಿಮ್ಮ ಮೇಲೆ ಹಾಕ್ಕೊಳ್ತಾ ಇದ್ದೀರಲ್ಲ, ನಿಮ್ಮಂಥ ಗಂಡ ಸಿಗೋಕೆ ಪುಣ್ಯ ಮಾಡಿರ್ಬೇಕು, ನಾನು ಯಾರಿಗೂ ಹೇಳಲ್ಲ ಸರ್, ನಿಶ್ಚಿಂತೆಯಾಗಿರಿ. ಅದು ಸಿಹಿಯಾಗಿ ಕೇಳಿಸಿತು, ಒಂದು ಗಳಿಗೆ, ದೇವರಾಣೆಗೂ ಸಿಹಿಯಾಗೇ ಕೇಳಿಸಿತು, ನಿಮ್ಮಂಥ ಗಂಡ, ಅವಳಿಗೆ ಅದು ಕೇಳಿಸಿದೆ, ಇವನ ಮುಖದ ಮೇಲೆ ಆ ಸಿಹಿ ಹಾದುಹೋದದ್ದನ್ನೂ ಅವಳು ಕಂಡಿದ್ದಾಳೆ, ಎದುರಿನವರ ಆಟವನ್ನು ಹತ್ತು ನಡೆ ಮೊದಲೇ ಕಾಣುವ ಆ ಕಣ್ಣುಗಳಿಂದ ತಪ್ಪಿಸಿಕೊಳ್ಳುವುದೆಲ್ಲಿ, ಇಲ್ಲ ರಘುನಂದನ್, ಅಂದ, ಇಲ್ಲ, ಕೇಳಿ, ಅಂದ, ಸರ್ ಬಿಡಿ ಸರ್ ಅಂತ ಆ ಕಡೆಯಿಂದ, ಬಿಡಬೇಡಿ, ಫೋನ್ ಇಡಬೇಡಿ, ಅಂದ, ಮುಂದೆ ಏನು ಹೇಳಬೇಕು, ಏನು ಹೇಳಿದರೆ ನಿಜ ನಿಜವಾಗಿ ಕೇಳಿಸುತ್ತದೆ, ಹಲೋ ಸರ್, ಇದ್ದೀರಾ ಸರ್, ಅವಳು ಕಾಯುತ್ತಿದ್ದಾಳೆ, ಇವನನ್ನೇ ನೋಡುತ್ತಿದ್ದಾಳೆ, ಹಸಿರಾದ ಉಗುರು, ಎರಡು ಬೆರಳು, ನಡುವೆ ದಂಟು, ಹಲೋ, ಸರ್, ಎರಡು ಬೆರಳಿನ ನಡುವೆ ಬಿಡಿಸದೆ ಉಳಿದ ಒಂದು ಮೆಂತ್ಯದ ದಂಟು